ಎರಡು ಸಾವಿರದ ಇನ್ನೂರರ ಎರಡು ಡಬ್ಬಿ

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಸುರಿದೆ. ನಮ್ಮ ಮನೆಯವರ ಎರಡು ಅಂಗಿಗೆ ಗುಂಡಿ ಹಚ್ಚಿದೆ. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ. ಪಕ್ಕದ ಮನೆಯವರು ತಮ್ಮ ರೇಡಿಯೋ ಗೊರಗೊರ ಅನ್ನುತ್ತದೆ ಎಂದು ತಂದರು. ಬಿಚ್ಚಿ ನೋಡಿದರೆ ಸೆಲ್ಲು ಕೂರುವ ತಗಡಿಗೆ ಕಿಲುಬು ಹಿಡಿದಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಕೊಟ್ಟೆ. ಆಮೇಲೆ ಈ ನೋಟ್‌ಬುಕ್ಕು ತೆಗೆದು ಕೂತೆ.

ನೋಟ್‌ಬುಕ್ಕು ತೆಗೆಯಲು ಕಾರಣವಿದೆ. ನಾನು ಕೆಲಸ ಬಿಟ್ಟ ಎಲೆಕ್ಟ್ರಾನಿಕ್ಸ್ ಘಟಕಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ವಾರ ಮನೆಗೆ ಬಂದಿದ್ದರು. “ಆಂಟಿ, ನಿಮ್ ಕಾಲದಾಗೆ ಹೆಂಗಿತ್ತು, ಒಂದಿಷ್ಟು ಬರಕೊಡ್ರಿ” ಅಂದರು. ಮೂವತ್ತು ಚಿಲ್ಲರೆ ವರ್ಷ ಬೆಸುಗೆಯ ಹೊಗೆ ಕುಡಿದವಳು ನಾನು. ಯಾವ ವರ್ಷ ಸಂಬಳ ಏರಿತು, ಯಾವಾಗ ಮೇಲ್ವಿಚಾರಕಿ ಆದೆ ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ. ಮೊದಲ ಐದಾರು ವರ್ಷ, ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಒಂದು ಸಣ್ಣ ಮನೆಯಲ್ಲಿ ಏನೇನು ಕೆಡಿಸಿದೆ ಎಂಬುದನ್ನು ಬರೆದರೆ ಅವರಿಗೆ ಉಪಯೋಗ. ಬರೆಯುತ್ತೇನೆ.

ಮನೆ ಇದ್ದದ್ದು ಕೋಟೆಯ ಕೆಳಗಿನ ಬೀದಿಯಲ್ಲಿ. ರಂಗಪ್ಪ ಎಂಬುವರು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದು ಊರಿಗೆ ಹಿಂತಿರುಗಿ, ಆ ಮನೆ ಬಾಡಿಗೆಗೆ ಹಿಡಿದು, ಶಾಲೆಗಳಿಗೆ ಧ್ವನಿವರ್ಧಕ ಮಾಡಿಕೊಡುವ ಕೆಲಸ ಶುರು ಮಾಡಿದ್ದರು. ಹಳ್ಳಿ ಶಾಲೆಗಳಲ್ಲಿ ಕರೆಂಟು ಇರುತ್ತಿರಲಿಲ್ಲ. ಆರು ಟಾರ್ಚ್ ಸೆಲ್ಲು ಹಾಕಿದರೆ ಬೆಳಗಿನ ಪ್ರಾರ್ಥನೆ, ಮೇಷ್ಟ್ರ ಗದರಿಕೆ ಎಲ್ಲ ಮೈದಾನದ ಆಚೆಯ ಬೇಲಿವರೆಗೆ ಕೇಳಬೇಕು, ಅಂಥ ಪೆಟ್ಟಿಗೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಶಾಲೆಗಳು ನಮ್ಮ ಗಿರಾಕಿಗಳು. ಪೆಟ್ಟಿಗೆಯನ್ನು ಎಲ್ಲರೂ ಸೆಟ್ಟು ಅನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮದುವೆಯಾಗಿ, ಮನೆಯಲ್ಲಿ ಕೂತಿದ್ದವಳು. ನಮ್ಮ ಮನೆಯವರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ರಂಗಪ್ಪನವರಿಗೆ ಪರಿಚಯ. “ಕಸೂತಿ ಹಾಕೋ ಕೈ ಐತೆ ಅಂತೀರಿ, ಕಳಿಸ್ರಿ ನೋಡಾಣ” ಅಂದರಂತೆ. ಹೋದೆ. ಅವರನ್ನು ನಾನು ಸಾರ್ ಎಂದೇ ಕರೆಯುತ್ತಿದ್ದೆ.

ಮೊದಲ ತಿಂಗಳೇ ಒಂದು ಎಡವಟ್ಟು. ರೆಸಿಸ್ಟರ್ ಎಂಬುದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಬಣ್ಣದ ಪಟ್ಟಿ, ಪಟ್ಟಿ ಓದಿದರೆ ಅದು ಕರೆಂಟನ್ನು ಎಷ್ಟು ಓಂ ತಡೆಯುತ್ತದೆ ಅಂತ ಗೊತ್ತಾಗುತ್ತದೆ. ಈಗಿನವರಿಗೆ ಇದು ಹೇಳಬೇಕಿಲ್ಲ. ಸಂಜೆಯ ಹಳದಿ ಬಲ್ಬಿನಲ್ಲಿ ಕೆಂಪೂ ಕಿತ್ತಳೆಯೂ ನನಗೆ ಒಂದೇ ಕಂಡವು. ಎರಡು ಸಾವಿರದ ಇನ್ನೂರರ ಜಾಗದಲ್ಲಿ ಇಪ್ಪತ್ತೆರಡು ಸಾವಿರದ್ದನ್ನು ಬೆಸೆದೆ. ಸಾರ್ ಸೆಟ್ಟಿನ ಮೈಕು ಹಿಡಿದು ಎಂದಿನಂತೆ ಹದಿನೇಳರ ಮಗ್ಗಿ ಶುರು ಮಾಡಿದರು. ಅವರ ಪರೀಕ್ಷೆ ಅಂದರೆ ಅದೇ. ಕಣ್ಣು ಮುಚ್ಚಿ, ಒಂದು ಕಿವಿ ಸ್ಪೀಕರಿನ ಕಡೆಗೆ ವಾಲಿಸಿ, ಹದಿನೇಳು ಒಂದಲೆ ಹದಿನೇಳು ಅಂತ ಹತ್ತರವರೆಗೆ. ಆ ಸೆಟ್ಟು ಮೂರಲೆಗೂ ಬಾಯಿ ಬಿಡಲಿಲ್ಲ.

“ಸರೋಜಮ್ಮ, ಇದಕ್ಕೆ ಮೌನವ್ರತ ಮಾಡ್ಸೀಯಲ್ಲಮ್ಮ” ಅಂದರು. ಬೈಯಲಿಲ್ಲ. ಅಂದಿನಿಂದ ಬಣ್ಣ ಓದುವುದು ಕಿಟಕಿ ಬೆಳಕಿನಲ್ಲಿ ಮಾತ್ರ ಎಂದು ನಿಯಮ ಮಾಡಿದರು. ನಾಲ್ಕು ವರ್ಷ ಆ ಕಿಟಕಿ ನನ್ನದೇ. ಕಿಟಕಿ ಹತ್ತಿರದ ಸ್ಟೂಲು ನನ್ನದು, ಸಾರ್ ಮೇಜಿನ ಡ್ರಾಯರಿನಲ್ಲಿದ್ದ, ಓಂ ಅಳೆಯುವ ಒಂದೇ ಒಂದು ಮೀಟರು ಬೇಕಾದರೆ ಅದನ್ನು ಕೇಳುವವಳೂ ನಾನೇ.

ಐದನೇ ವರ್ಷ ಪಾರ್ವತಿ ಬಂದಳು.

ಚಿಕ್ಕಜಾಜೂರಿನವಳು. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು, ಕಾಲಿಗೆ ಪೆಟ್ಟಾಗಿ ಮನೆಯಲ್ಲಿದ್ದ. ದಿನಾ ರೈಲಿನಲ್ಲಿ ಬರುತ್ತಿದ್ದಳು, ರೈಲಿನಲ್ಲಿ ಹೋಗುತ್ತಿದ್ದಳು. ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಇಪ್ಪತ್ತು ವರ್ಷವಿರಬೇಕು. ಉದ್ದ ಜಡೆ ಬೆಸುಗೆ ಕಡ್ಡಿಗೆ ತಾಗೀತು ಎಂದು ಸೆರಗಿನೊಳಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಬಂದ ಮೊದಲ ವಾರವೇ ನಾನು ನಾಲ್ಕು ವರ್ಷದಲ್ಲಿ ಕೇಳದಿದ್ದ ಪ್ರಶ್ನೆ ಕೇಳಿದಳು.

ಆಗ ನಾವು ತರಿಸುತ್ತಿದ್ದುದು ಬೆಳ್ಳಿ ಪಟ್ಟಿಯ ರೆಸಿಸ್ಟರ್, ಕಟ್ಟುಗಟ್ಟಲೆ. ಚಿನ್ನದ ಪಟ್ಟಿ ಇದ್ದರೆ ಬಣ್ಣ ಹೇಳುವ ಅಳತೆಗಿಂತ ನೂರಕ್ಕೆ ಐದು ಹೆಚ್ಚುಕಮ್ಮಿ ಇರಬಹುದು; ಬೆಳ್ಳಿ ಇದ್ದರೆ ನೂರಕ್ಕೆ ಹತ್ತು. ಇದಕ್ಕೇ ಟಾಲರೆನ್ಸ್ ಅನ್ನುವುದು. ನಲವತ್ತೇಳು ಅಂತ ಬಣ್ಣ ಹೇಳಿದರೂ ಅದು ನಲವತ್ತೆರಡೂವರೆ ಇರಬಹುದು, ಐವತ್ತೊಂದೂವರೆ ಇರಬಹುದು. ನಾನು ಬಣ್ಣ ಓದಿ ಹಾಕುತ್ತಿದ್ದೆ, ಸೆಟ್ಟು ಮಗ್ಗಿ ಹೇಳುತ್ತಿತ್ತು, ಮುಗಿಯಿತು.

ಪಾರ್ವತಿ ಮೀಟರು ಕೇಳಿ ತಂದು ಊಟದ ಹೊತ್ತಿನಲ್ಲಿ ಒಂದು ಕಟ್ಟು ಪೂರ್ತಿ ಅಳೆದಳು. ಸಾರ್ ಹತ್ತಿರ ಹೋಗಿ, “ಸಾರ್, ಸರಿಯಾಗಿ ಎರಡು ಸಾವಿರದ ಇನ್ನೂರು ಇರೋದು ಒಂದೂ ಇಲ್ಲ. ಎಲ್ಲ ಒಂದೋ ಎರಡು ಸಾವಿರದ ಹತ್ರ ಅವೆ, ಇಲ್ಲ ಎರಡು ಸಾವಿರದ ನಾನೂರರ ಹತ್ರ ಅವೆ. ನಡುವಿನವು ಎಲ್ಲಿಗೆ ಹೋದವು?” ಅಂದಳು.

ಸಾರ್ ಕನ್ನಡಕ ತೆಗೆದು ಅವಳನ್ನು ನೋಡಿದರು. ಆ ನೋಟ ನನ್ನ ಕಡೆಗೆ ಎಂದೂ ಬಂದಿರಲಿಲ್ಲ.

“ನಡುವಿನವನ್ನೆಲ್ಲ ಮಾಡಿದೋರೇ ಆರಿಸಿ, ಚಿನ್ನದ ಪಟ್ಟಿ ಬಳಿದು, ಜಾಸ್ತಿ ರೇಟಿಗೆ ಮಾರ್ಕಂಡಿರ್ತಾರಮ್ಮ. ನಮಗೆ ಬರೋದು ಜರಡಿ ಹಿಡಿದ ಮೇಲೆ ಉಳಿದದ್ದು” ಅಂದರು. ಅದು ನಿಜವೋ ಅವರ ಊಹೆಯೋ ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಕಟ್ಟುಗಳಲ್ಲಿ ಹಾಗೇ ಇತ್ತು. ಅವತ್ತು ಸಂಜೆ ಅವರು ಪಾರ್ವತಿಗೆ ಚಹಾ ತರಿಸಿಕೊಟ್ಟರು. ನನಗೂ ತರಿಸಿದರು, ಆದರೆ ಅವಳಿಗೆ ತರಿಸಿದ್ದಕ್ಕೆ ನನಗೂ ಬಂತು ಅಷ್ಟೆ. ಚಹಾ ಬಿಸಿಯಿತ್ತು. ನಾನು ಅರ್ಧ ಬಿಟ್ಟೆ.

ಇಲ್ಲಿ ಹುಡುಗಿಯರು ಗಮನವಿಟ್ಟು ಓದಬೇಕಾದ ವಿಷಯ ಒಂದಿದೆ. ನಮ್ಮ ಸೆಟ್ಟಿನ ಕೊನೆಯ ಹಂತದಲ್ಲಿ ಎರಡು ಟ್ರಾನ್ಸಿಸ್ಟರ್. ಅವು ಸುಮ್ಮನಿದ್ದಾಗಲೂ ಸ್ವಲ್ಪ ಎಚ್ಚರವಾಗಿರುವಂತೆ ಒಂದು ಚೂರು ಒತ್ತಡ ಕೊಡಬೇಕು. ಆ ಒತ್ತಡವನ್ನು ನಿರ್ಧರಿಸುವುದು ಎರಡು ರೆಸಿಸ್ಟರ್: ಮೇಲಿನದು ಎರಡು ಸಾವಿರದ ಇನ್ನೂರು, ಕೆಳಗಿನದು ನಲವತ್ತೇಳು. ಸಾರ್ ಅದನ್ನು ನೀರಿನ ತೊಟ್ಟಿಗೆ ಹೋಲಿಸುತ್ತಿದ್ದರು. ಮೇಲಿನದು ನೀರು ಬರುವ ದಾರಿ, ಕೆಳಗಿನದು ಹೋಗುವ ದಾರಿ, ತೊಟ್ಟಿಯಲ್ಲಿ ನಿಂತ ಮಟ್ಟವೇ ಟ್ರಾನ್ಸಿಸ್ಟರಿಗೆ ಸಿಗುವುದು. ಎರಡೂ ದಾರಿ ಒಂದೇ ಪ್ರಮಾಣದಲ್ಲಿ ಬಿಗಿಯಾದರೆ ಮಟ್ಟ ಹಾಗೇ ಇರುತ್ತದೆ. ಎರಡೂ ಸಡಿಲವಾದರೂ ಹಾಗೇ. ಬರುವ ದಾರಿ ಸಡಿಲವಾಗಿ ಹೋಗುವ ದಾರಿ ಬಿಗಿಯಾದರೆ ಮಾತ್ರ ತೊಟ್ಟಿ ತುಂಬಿ ಬರುತ್ತದೆ. ಟ್ರಾನ್ಸಿಸ್ಟರ್ ಅಷ್ಟಕ್ಕೇ ಎರಡು ಪಟ್ಟು, ಮೂರು ಪಟ್ಟು ಕರೆಂಟು ಎಳೆಯತೊಡಗುತ್ತದೆ. ಆಗಿನ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಬಿಸಿಲೂ ಸೇರಿತೆಂದರೆ, ಬಿಸಿಯಾದಷ್ಟೂ ಹೆಚ್ಚು ಎಳೆಯುವುದು, ಹೆಚ್ಚು ಎಳೆದಷ್ಟೂ ಬಿಸಿಯಾಗುವುದು.

ಪಾರ್ವತಿಗೆ ಇದು ಒಂದೇ ಸಲಕ್ಕೆ ಹೊಳೆಯಿತು. “ಹಂಗಾದ್ರೆ ಹತ್ತು ಪರ್ಸೆಂಟು ತಪ್ಪಿರೋದು ತೊಂದ್ರೆ ಅಲ್ಲ ಸಾರ್. ಎರಡೂ ಒಂದೇ ಕಡೀಕೆ ತಪ್ಪಿರಬೇಕು ಅಷ್ಟೆ.” ಮಾರನೇ ದಿನ ಬೆಂಕಿಪೊಟ್ಟಣದ ಖಾಲಿ ಡಬ್ಬಿಗಳನ್ನು ತಂದಳು. ಅಳೆದದ್ದನ್ನು ಹೆಚ್ಚಿನವು, ಕಮ್ಮಿಯವು ಎಂದು ಬೇರೆ ಮಾಡಿ ತುಂಬಿದಳು. ಬಣ್ಣದ ಪೆನ್ಸಿಲ್ಲು ಇರಲಿಲ್ಲ. ಮೂಲೆಯ ದೇವರ ಪಟದ ಮುಂದಿನ ಬಟ್ಟಲಿಂದ ಬೆರಳಲ್ಲಿ ಒತ್ತಿ, ಹೆಚ್ಚಿನ ಡಬ್ಬಿಗೆ ಕುಂಕುಮ, ಕಮ್ಮಿಯ ಡಬ್ಬಿಗೆ ಅರಿಶಿನ ಹಚ್ಚಿದಳು. ಕುಂಕುಮದ್ದಕ್ಕೆ ಕುಂಕುಮದ್ದು, ಅರಿಶಿನದ್ದಕ್ಕೆ ಅರಿಶಿನದ್ದು ಜೋಡಿ.

“ಅಕ್ಕ, ನೀನೂ ಹಿಂಗೇ ತಗಂಡು ಹಾಕು, ಸುಲಭ ಐತೆ” ಅಂದಳು.

“ನಂಗೆ ಬಣ್ಣ ಓದಾಕೆ ಬರ್ತೈತೆ ಬಿಡು” ಅಂದೆ.

ಅವಳ ಸೆಟ್ಟುಗಳು ಒಂದರಂತೆ ಒಂದು ಇರುತ್ತಿದ್ದವು. ನನ್ನವು ಒಂದು ಚೆನ್ನ, ಒಂದು ಗೊಗ್ಗರು. ಸಾರ್ ಮಗ್ಗಿ ಹೇಳುತ್ತಾ ಕಣ್ಣು ಮುಚ್ಚಿಯೇ “ಇದು ಪಾರ್ವತಿದು” ಅನ್ನತೊಡಗಿದರು. ಸರಿಯಾಗಿಯೇ ಹೇಳುತ್ತಿದ್ದರು. ಆಮೇಲೆ ಡ್ರಾಯರಿನ ಬೀಗದ ಕೈ ಅವಳ ಸೊಂಟಕ್ಕೆ ಹೋಯಿತು. ಕಿಟಕಿಯ ಹತ್ತಿರ ಅಳೆಯಲು ಅನುಕೂಲ ಎಂದು ನನ್ನ ಸ್ಟೂಲೂ ಅವಳದಾಯಿತು. ಹೋಗಲಿ ಎಂದರೆ, ಸಾರ್ ಮನೆಯವರು ಹೋಳಿಗೆ ಮಾಡಿದ ದಿನ ಡಬ್ಬಿ ತೆರೆದು ಮೊದಲು ಅವಳ ಮುಂದೆ ಇಟ್ಟರು. ಇದನ್ನೆಲ್ಲ ಆಗಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಯಾವ ದಿನ, ಎಷ್ಟು ಹೋಳಿಗೆ, ಅವಳಿಗೆ ಎಷ್ಟು. ಹೊಟ್ಟೆಕಿಚ್ಚಿನಲ್ಲಿ ನಾನು ಬಲು ಶಿಸ್ತಿನವಳು.

ಮನೆಯಲ್ಲಿ ಹೇಳಿದರೆ ನಮ್ಮ ಮನೆಯವರು ನಗುತ್ತಿದ್ದರು. “ಅವಳು ಅಳೀತಾಳೆ, ನೀನೂ ಅಳಿ. ಅದರಾಗೇನೈತೆ?”

“ಅವಳು ಕಲಿಸಿದ್ದನ್ನ ನಾನ್ಯಾಕೆ ಮಾಡ್ಲಿ?”

“ಹಂಗಾದ್ರೆ ಉರ್ಕೊಂತಿರು” ಅಂದು ಬೀಡಿ ಹಚ್ಚಿದರು.

ಆಯುಧಪೂಜೆ ಬಂತು. ಸಾರ್ ತಮ್ಮ ಊರಿಗೆ ಹೊರಟಿದ್ದರು. “ಸರೋಜಮ್ಮ, ನೀನೇ ಹಿರಿಯಳು, ಪೂಜೆ ಮಾಡಿ ಬೀಗ ಹಾಕು” ಅಂದರು. ಆ ಹಿರಿಯಳು ಎಂಬ ಮಾತಿಗೆ ಒಂದು ದಿನ ಪೂರ್ತಿ ಹಿಗ್ಗಿದೆ. ಪಾರ್ವತಿ ಹಬ್ಬಕ್ಕೆ ಒಂದು ವಾರ ರಜೆ ಹಾಕಿ, ಬೀಗದ ಕೈ ನನ್ನ ಕೈಗೆ ಕೊಟ್ಟು, ಮಧ್ಯಾಹ್ನದ ರೈಲಿಗೆ ಹೋದಳು.

ಬೆಂಚು ತೊಳೆದೆ. ಬೆಸುಗೆ ಕಡ್ಡಿ, ಇಕ್ಕಳ, ಮೀಟರು ಎಲ್ಲ ಒರೆಸಿಟ್ಟೆ. ಆಮೇಲೆ ಪಾರ್ವತಿಯ ಡಬ್ಬಿಗಳು. ಆ ಕಟ್ಟಿನಲ್ಲಿ ನಲವತ್ತೇಳೆಲ್ಲ ಹೆಚ್ಚಿನ ಕಡೆಯವೇ ಬಂದಿದ್ದವು, ಹಾಗಾಗಿ ಅದಕ್ಕೆ ಒಂದೇ ಡಬ್ಬಿ. ಎರಡು ಸಾವಿರದ ಇನ್ನೂರಕ್ಕೆ ಎರಡು, ಒಂದು ಕುಂಕುಮದ್ದು, ಒಂದು ಅರಿಶಿನದ್ದು. ಒಟ್ಟು ಮೂರು. ಒದ್ದೆ ಬಟ್ಟೆಯಲ್ಲಿ ಮೂರನ್ನೂ ಒರೆಸಿ, ಪೂಜೆಗೆ ಇಟ್ಟ ಎಲ್ಲ ಸಾಮಾನಿನಂತೆ ಅವಕ್ಕೂ ಅರಿಶಿನ, ಕುಂಕುಮ ಎರಡನ್ನೂ ಹಚ್ಚಿದೆ. ಹೂವಿಟ್ಟೆ. ಕುಂಬಳಕಾಯಿ ಒಡೆದೆ.

ಒರೆಸುವಾಗ ನನಗೆ ಗೊತ್ತಿರಲಿಲ್ಲ ಅಂತ ಬರೆದರೆ ಈ ಬರಹ ಓದುವುದರಲ್ಲಿ ಅರ್ಥವಿಲ್ಲ. ಗೊತ್ತಿತ್ತು. ದೇವರ ಕೆಲಸದಲ್ಲಿ ಅಳಿಸಿತು ಅಂದರೆ ಯಾರೂ ಏನೂ ಅನ್ನುವುದಿಲ್ಲ ಎಂಬುದೂ ಗೊತ್ತಿತ್ತು.

ಮೂರು ದಿನ ಬಿಟ್ಟು ಕೆಲಸಕ್ಕೆ ಬಂದೆ. ಪ್ರತಿ ಡಬ್ಬಿಯ ಮೇಲೆ ಪೂಜೆಯ ಎರಡು ಗುರುತು; ಒಂದನ್ನು ಒರೆಸಿ ಒಂದನ್ನು ಉಳಿಸಬೇಕಾಗಿತ್ತು. ನಲವತ್ತೇಳಕ್ಕೆ ಕುಂಕುಮ, ಅದರಲ್ಲಿ ಅನುಮಾನವಿಲ್ಲ. ಎರಡು ಸಾವಿರದ ಇನ್ನೂರರ ಎರಡು ಡಬ್ಬಿಯಲ್ಲಿ ಯಾವುದು ಯಾವುದು? ಮೀಟರಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಒಂದು ರೆಸಿಸ್ಟರ್ ತೆಗೆದು ಅಳೆದರೆ ಅರ್ಧ ನಿಮಿಷದ ಕೆಲಸ. ಅಳೆಯಲಿಲ್ಲ. ಎಡಗಡೆಯದಕ್ಕೆ ಕುಂಕುಮ ಉಳಿಸಿದೆ, ಬಲಗಡೆಯದಕ್ಕೆ ಅರಿಶಿನ. ಸರಿಯಾಗಿದ್ದರೆ ಸರಿ, ತಪ್ಪಾದರೆ ಆಗಲಿ ಎಂದುಕೊಂಡೆ. ತಪ್ಪಾಗಿತ್ತು.

ಪಾರ್ವತಿ ಬಂದು ಕುಂಕುಮ ನೋಡಿದಳು, ಕುಂಕುಮದ್ದಕ್ಕೆ ಕುಂಕುಮದ್ದು ಜೋಡಿ ಮಾಡಿದಳು. ಹನ್ನೆರಡು ಸೆಟ್ಟಿನ ಆರ್ಡರು ಬಂದಿತ್ತು. ಆರು ಅವಳು, ಆರು ನಾನು. ಅವಳ ಆರರಲ್ಲಿ ಹೆಚ್ಚಿನ ನಲವತ್ತೇಳರ ಜೊತೆಗೆ ಕಮ್ಮಿಯ ಎರಡು ಸಾವಿರದ ಇನ್ನೂರು ಕೂತಿತು. ತೊಟ್ಟಿ ತುಂಬುವ ಜೋಡಿ, ಆರಕ್ಕೆ ಆರೂ.

ಚಳಿಗಾಲದಲ್ಲಿ ಅಂಥ ಸೆಟ್ಟು ಕೇಳಲು ಇನ್ನೂ ಇಂಪು. ಕರೆಂಟು ಹೆಚ್ಚು ಹರಿದರೆ ಸಣ್ಣ ದನಿಯೂ ಒಡೆಯದೆ ನುಣ್ಣಗೆ ಬರುತ್ತದೆ. ಸಾರ್ ಕಣ್ಣು ಮುಚ್ಚಿ ಹದಿನೇಳು ಹತ್ತಲೆ ನೂರ ಎಪ್ಪತ್ತರವರೆಗೆ ಹೋಗಿ, “ಪಾರ್ವತಿ, ಈ ಸಲದವು ಜೇನು ಕಣಮ್ಮ” ಅಂದರು. ನಾನು ಕೆಡಿಸಿದ್ದಕ್ಕೂ ಹೊಗಳಿಕೆ ಅವಳಿಗೇ ಹೋಯಿತು. ಅವತ್ತು ಮನೆಗೆ ಹೋಗಿ ಬೇಳೆಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆ.

ಶಿವರಾತ್ರಿ ಕಳೆಯಿತು, ಬಿಸಿಲು ಏರಿತು. ಮೊದಲು ಹೊಸದುರ್ಗದ ಕಡೆಯ ಮೇಷ್ಟ್ರೊಬ್ಬರು ಕಾಗದ ಬರೆದರು: ಸೆಲ್ಲು ವಾರಕ್ಕೊಮ್ಮೆ ಹೋಗುತ್ತದೆ, ಮಕ್ಕಳ ಹತ್ತಿರ ಎಷ್ಟು ಸಲ ವಂತಿಗೆ ಎತ್ತಲಿ? ಅನಂತರ ಹಿರಿಯೂರಿನ ಕಡೆಯ ಹೆಡ್‌ಮಾಸ್ತರು ಸೆಟ್ಟನ್ನು ಜೋಳದ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದೇಬಿಟ್ಟರು.

“ಏನ್ರಿ ರಂಗಪ್ಪನೋರೆ, ಎಂಥಾ ಪೆಟ್ಟಿಗೆ ಕೊಟ್ಟೀರಿ? ಬೆಳಿಗ್ಗೆ ಪ್ರಾರ್ಥನೆ ಚೆಂದಾಗಿ ಹಾಡ್ತೈತೆ. ಮಧ್ಯಾಹ್ನ ನಾನು ಮಾತಾಡಾಕೆ ಹೋದ್ರೆ ಎಮ್ಮೆ ಕೂಗಿದಂಗೆ ಕೂಗ್ತೈತೆ. ಹುಡುಗ್ರು ನನ್ನನ್ನ ನೋಡಿ ನಗ್ತಾವೆ.”

“ಕುಂತ್ಕಳ್ರಿ ಮೇಷ್ಟ್ರೆ, ನೋಡಾಣ” ಅಂದರು ಸಾರ್. ನಮ್ಮ ಬೆಂಚಿನ ಮೇಲೆ ಅದು ಎಮ್ಮೆಯಂತೆ ಕೂಗಲಿಲ್ಲ. ಮೇಷ್ಟ್ರಿಗೆ ಸಿಟ್ಟು ಬಂತು. “ನಿಮ್ಮ ಮನೆ ತಂಪೈತ್ರಿ. ನಮ್ಮ ಶಾಲೆ ತಗಡಿಂದು. ಅಲ್ಲಿಗೆ ಬಂದು ನೋಡ್ರಿ.”

ಮಾರನೇ ದಿನ ಸಾರ್ ನನ್ನನ್ನು ಕರೆದುಕೊಂಡು ಹೋದರು. ಪಾರ್ವತಿ ಬೇರೆ ಸೆಟ್ಟಿನಲ್ಲಿ ಕೈ ಇಟ್ಟಿದ್ದಳು, ಅದಕ್ಕೇ ನಾನು. ತಗಡಿನ ಕೆಳಗೆ ಎರಡು ಗಂಟೆಯ ಬಿಸಿಲಿನಲ್ಲಿ ಹಚ್ಚಿ ಕೂತೆವು. ಹದಿನೇಳು ಆರಲೆಗೆ ಬರುವಷ್ಟರಲ್ಲಿ ದನಿ ಒಡೆಯಿತು. ಪೆಟ್ಟಿಗೆ ಬಿಚ್ಚಿ ಟ್ರಾನ್ಸಿಸ್ಟರ್ ಮುಟ್ಟಿದೆ, ಬೆರಳು ಸುಟ್ಟಿತು. ಒಂದು ಕಾಲು ಬಿಡಿಸಿ ಎರಡು ರೆಸಿಸ್ಟರನ್ನೂ ಅಳೆದೆ. ಕೆಳಗಿನದು ಐವತ್ತೊಂದು. ಮೇಲಿನದು ಎರಡು ಸಾವಿರ. ಮೀಟರಿನ ಮುಳ್ಳು ನೋಡಿದ ಕೂಡಲೇ ನನಗೆ ಆ ಎರಡು ಡಬ್ಬಿ ಕಣ್ಣಿಗೆ ಬಂದವು.

“ಎಷ್ಟು?” ಅಂದರು ಸಾರ್. ಹೇಳಿದೆ. ಸಂಖ್ಯೆ ಮಾತ್ರ ಹೇಳಿದೆ.

ಒಂದು ವಾರದಲ್ಲಿ ಪಾರ್ವತಿಯ ಆರೂ ಸೆಟ್ಟು ವಾಪಸು ಬಂದವು. ನನ್ನವು ಎರಡು ಬಂದವು. ಕಣ್ಣು ಮುಚ್ಚಿ ಹಾಕಿದರೆ ಅಷ್ಟು ತಪ್ಪುವುದು ಸಹಜ. ಸಾರ್ ಎಂಟನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟರು.

“ಅಳೀದೆ ಹಾಕಿದೋಳದ್ದು ಎರಡು ಕೆಟ್ಟೈತೆ. ಅಳೆದು ಹಾಕಿದೋಳದ್ದು ಆರಕ್ಕೆ ಆರು ಕೆಟ್ಟೈತೆ. ಏನಮ್ಮ ಪಾರ್ವತಿ, ಇದೇನಾ ನಿನ್ನ ಅಳತೆ?”

ಪಾರ್ವತಿ ಎದ್ದು ನಿಂತಳು. “ಸಾರ್, ಒಂದ್ಸಲ ಡಬ್ಬಿ ತೆಗೆದು ಅಳೀತೀನಿ.”

“ಡಬ್ಬಿ ಎಲ್ಲೈತೆ? ನಾನೇ ಎಲ್ಲ ಸುರುವಿ ಒಂದೇ ಡಬ್ಬದಾಗೆ ಹಾಕ್ದೆ. ಸಾಕು ನಿನ್ನ ಕುಂಕುಮ ಅರಿಶಿನದಾಟ. ಶಾಲೆಯೋರಿಗೆಲ್ಲ ನಾನೇನು ಮುಖ ತೋರ್ಸಲಿ? ನೀನು ಮನೆಗೆ ಹೋಗು. ಬೇಕಾದ್ರೆ ಹೇಳಿ ಕಳಿಸ್ತೀನಿ.”

ಅವಳು ನನ್ನ ಕಡೆ ತಿರುಗಿದಳು. “ಅಕ್ಕ, ನೀನೇ ಹೇಳು, ನಾನು ಅಳೆದೇ ತುಂಬಿದ್ದೆ ಅಲ್ವಾ?”

ನಾನು ಬೆಸುಗೆ ಕಡ್ಡಿಯ ತುದಿ ಒರೆಸುತ್ತಾ, “ಅಳೆದಿದ್ದೆ. ಆಮೇಲೆ ಏನಾತೋ” ಅಂದೆ. ಅವಳು ಬೀಗದ ಕೈ ಬಿಚ್ಚಿ ಬೆಂಚಿನ ಮೇಲೆ ಇಟ್ಟು, ಚಪ್ಪಲಿ ಹಾಕಿಕೊಂಡು, ರೈಲಿಗೆ ಇನ್ನೂ ಮೂರು ಗಂಟೆ ಇರುವಾಗಲೇ ಹೊರಟಳು. ಸಾರ್ ಬೀಗದ ಕೈಯನ್ನು ನನ್ನ ಕಡೆಗೆ ದೂಡಿದರು.

ಬೀಗದ ಕೈ, ಕಿಟಕಿ, ಸ್ಟೂಲು ಎಲ್ಲ ವಾಪಸು ಬಂದವು. ಹದಿಮೂರು ದಿನ ನನ್ನ ಹತ್ತಿರ ಇದ್ದವು. ಮೊದಲ ಎರಡು ದಿನ ಸುಖವಾಗಿಯೇ ಇದ್ದೆ ಅಂತ ಬರೆಯಬೇಕು, ಸುಖವಾಗಿದ್ದೆ. ಮೂರನೇ ದಿನದಿಂದ ಎಂಟು ಸೆಟ್ಟು ರಿಪೇರಿ ಶುರುವಾಯಿತು. ರಿಪೇರಿ ಮಾಡಲು ದಾರಿ ಒಂದೇ: ರೆಸಿಸ್ಟರ್ ಅಳೆಯಬೇಕು, ಹೆಚ್ಚಿನದಕ್ಕೆ ಹೆಚ್ಚಿನದು ಜೋಡಿ ಮಾಡಬೇಕು. ಡಬ್ಬದಲ್ಲಿ ಬೆರೆತು ಹೋಗಿದ್ದನ್ನು ಒಂದೊಂದೇ ಎತ್ತಿ ಮೀಟರಿಗೆ ಹಿಡಿದೆ. ಪಾರ್ವತಿ ಕೂರುತ್ತಿದ್ದ ಜಾಗದಲ್ಲೇ ಕೂತು, ಪಾರ್ವತಿ ಮಾಡುತ್ತಿದ್ದುದನ್ನೇ ಮಾಡಿದೆ. ಅವಳು ಒಂದು ಊಟದ ಹೊತ್ತಿನಲ್ಲಿ ಮಾಡಿದ್ದು ನನಗೆ ಒಂದೂವರೆ ದಿನ ಹಿಡಿಯಿತು.

ಎಂಟೂ ಸೆಟ್ಟು ಸರಿಹೋದವು. ಸಾರ್ ಅವನ್ನು ಅಂಗಳದ ಬಿಸಿಲಿನಲ್ಲಿ ಇಟ್ಟು ಎಂಟು ಸಲ ಮಗ್ಗಿ ಹೇಳಿದರು. ಎಂಟೂ ನೂರ ಎಪ್ಪತ್ತು ಮುಟ್ಟಿದವು.

“ಭೇಷ್ ಸರೋಜಮ್ಮ. ಹೆಂಗ್ ಮಾಡಿದೆ?”

“ಅಳೆದು ಜೋಡಿ ಹಾಕಿದೆ ಸಾರ್.”

ಅವರು ಕನ್ನಡಕ ತೆಗೆದರು. “ಅದನ್ನೇ ತಾನೆ ಅವಳೂ ಮಾಡಿದ್ದು?”

ಅವರು ಮುಂದುವರಿಸಿದರು. “ಅಳೆದು ಹಾಕಿದ್ರೆ ಸರಿ ಹೋಗ್ತೈತೆ ಅಂದಮೇಲೆ, ಅಳೆಯೋಳದ್ದು ಆರಕ್ಕೆ ಆರು ಹೆಂಗೆ ಕೆಡ್ತು? ಅಳೀದೆ ಹಾಕಿದ್ರೆ ಒಂದು ಕೆಡಬೇಕು, ಒಂದು ನಿಲ್ಲಬೇಕು. ಒಂದೇ ಥರ ಆರು ತಪ್ಪಬೇಕಂದ್ರೆ ಡಬ್ಬಿನೇ ತಿರುಗಿರಬೇಕು. ಡಬ್ಬಿ ಯಾವಾಗ ತಿರುಗ್ತು?”

“ಆಯುಧಪೂಜೆ ದಿನ ಅಳಿಸಿಹೋತು ಸಾರ್. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದ್ನಲ್ಲ.”

“ಅಳಿಸಿದ್ದು ಪೂಜೆ. ಸರಿ. ತಿರುಗಿ ಗುರುತು ಉಳಿಸಿದ್ದು ಯಾರು?”

“ನಾನು.”

“ಅಳೆದು ನೋಡಿದ್ಯಾ?”

“ಇಲ್ಲ ಸಾರ್.”

“ಮೀಟರು?”

“ನನ್ನ ಹತ್ರಾನೇ ಇತ್ತು.”

ಅವರು ಕೈ ಚಾಚಿದರು. ಬೀಗದ ಕೈ ಬಿಚ್ಚಿ ಕೊಟ್ಟೆ. ಬೈದಿದ್ದರೆ ಚೆನ್ನಾಗಿತ್ತು. “ಇವತ್ತಿನ ರೈಲಿಗೇ ಹೋಗು. ಅವಳಿಗೆ ನೀನೇ ಹೇಳಿ ಕರಕಂಡು ಬಾ. ಅವಳು ಬರಲ್ಲ ಅಂದ್ರೆ ನೀನೂ ಬರಬೇಡ” ಅಂದರು. ಸೆಟ್ಟುಗಳನ್ನು ಒಂದೊಂದಾಗಿ ಒಳಗೆ ಇಡತೊಡಗಿದರು.

ಪಕ್ಕದ ಮನೆಯವರ ಕೈಯಲ್ಲಿ ನಮ್ಮ ಮನೆಯವರಿಗೆ ಹೇಳಿ ಕಳಿಸಿ ರೈಲು ಹತ್ತಿದೆ. ಚಿಕ್ಕಜಾಜೂರಿನಲ್ಲಿ ಇಳಿದು ಕೇಳಿದರೆ ಯಾರಾದರೂ ತೋರಿಸುವಂಥ ಮನೆ. ಪಾರ್ವತಿ ಜಗಲಿಯ ಮೇಲೆ ಕೂಲಿಗೆ ತಂದ ಶೇಂಗಾ ಬಿಡಿಸುತ್ತಾ ಕೂತಿದ್ದಳು. ಉಗುರುಗಳ ತುದಿ ಮಣ್ಣು ಹಿಡಿದು ಸೀಳಿಹೋಗಿದ್ದವು. ಒಳಗೆ ಅವಳ ಅಪ್ಪ ಕಾಲು ಚಾಚಿ ಮಲಗಿದ್ದ.

“ಬಾರಕ್ಕ, ಕುಂತ್ಕ” ಅಂದಳು. ನೀರು ತಂದುಕೊಟ್ಟಳು.

ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತಿತ್ತು. ಒರೆಸಿದ್ದರಿಂದ ಶುರು ಮಾಡಿ, ಅಳೆಯದೆ ಗುರುತು ಉಳಿಸಿದ್ದು, ಹಿರಿಯೂರಿನಲ್ಲಿ ಮುಳ್ಳು ನೋಡಿ ಸುಮ್ಮನಿದ್ದದ್ದು, ಅವಳು ಕೇಳಿದಾಗ ಆಮೇಲೆ ಏನಾತೋ ಅಂದದ್ದು, ಎಲ್ಲ ಸಾಲಾಗಿ ಹೇಳಿದೆ. ಅವಳ ಕೈ ಶೇಂಗಾದಲ್ಲೇ ಇತ್ತು.

“ಹಂಗಾದ್ರೆ ಮೇಲಿನದು ಎರಡು ಸಾವಿರ ಬಂದಿತ್ತು. ಕೆಳಗಿನದು ಐವತ್ತೊಂದು” ಅಂದಳು.

“ಹೂಂ.”

“ಆರರಾಗೂ?”

“ಆರರಾಗೂ.”

“ಅದಕ್ಕೇ ಚಳಿಯಾಗೆ ಅಷ್ಟು ಇಂಪು ಬರ್ತಿತ್ತು.” ಅವಳ ಮುಖ ಒಂದು ಗಳಿಗೆ ಅರಳಿತು. “ನಾನು ಹದಿನೈದು ದಿನದಿಂದ ತಲೆ ಕೆಡಿಸ್ಕೊಂಡಿದ್ದೆ ಕಣಕ್ಕ, ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ. ಲೆಕ್ಕ ಸರಿ ಐತೆ.”

ನಾನು ಅಷ್ಟು ಹೇಳಿದ ಮೇಲೂ ಅವಳಿಗೆ ಮೊದಲು ಕಂಡದ್ದು ಸರ್ಕ್ಯೂಟು. ಬೈಸಿಕೊಳ್ಳಲು ಬಂದವಳಿಗೆ ಅಲ್ಲೂ ಹೊಟ್ಟೆ ಉರಿಯಿತು.

ಬೈಗುಳ ಆಮೇಲೆ ಬಂತು. ಮೊರದಲ್ಲಿದ್ದ ಕಾಳು ಚೀಲಕ್ಕೆ ಸುರಿದು ಬಂದು ನನ್ನೆದುರು ಕೂತಳು. “ನಂಗೆ ಏನಾದ್ರೂ ಆಗ್ಲಿ ಬಿಡು. ನಮ್ಮಪ್ಪ ಔಷಧಿ ನಿಲ್ಲಿಸ್ಯಾನೆ, ಗೊತ್ತಾ? ಕೇಳಿದ್ರೆ ನೋವಿಲ್ಲ ಅಂತಾನೆ. ರಾತ್ರೆಲ್ಲ ನರಳ್ತಾನೆ. ನಾನು ನಿಂದೇನು ಕಿತ್ಕಂಡಿದ್ದೆ ಹೇಳು? ಸ್ಟೂಲಾ? ಕೇಳಿದ್ರೆ ಕೊಡ್ತಿರ್ಲಿಲ್ವಾ?”

“ಕೇಳಾಕೆ ಬಾಯಿ ಬರ್ಲಿಲ್ಲ” ಅಂದೆ.

“ಒರೆಸಾಕೆ ಕೈ ಬಂತು.”

ನಾನೂ ಒಂದು ಹಿಡಿ ಶೇಂಗಾ ಎತ್ತಿಕೊಂಡು ಬಿಡಿಸತೊಡಗಿದೆ. ಒಂದು ಗೂಡ್ಸು ಗಾಡಿ ಹೋಯಿತು. ಕೊನೆಗೆ ಅವಳೇ, “ನಾಳೆ ಬೆಳಿಗ್ಗೆ ಗಾಡಿಗೆ ಹೋಗಾಣ. ಬರ್ತೀನಿ. ನಿನಗೋಸ್ಕರ ಅಲ್ಲ. ಡಬ್ಬಿ ನಾನೊಬ್ಬಳೇ ಮುಟ್ಟೋದು. ಗುರುತು ಬ್ಲೇಡಲ್ಲಿ ಕೊಯ್ದು ಮಾಡ್ತೀನಿ, ಹೆಚ್ಚಿಗೆ ಎರಡು ಗೀಟು, ಕಮ್ಮಿಗೆ ಒಂದು. ಆಗ ನೀನು ಎಷ್ಟು ಪೂಜೆ ಮಾಡಿದ್ರೂ ಹೋಗಲ್ಲ” ಅಂದಳು. ನಗಲಿಲ್ಲ.

ಇದಾದ ಮೇಲಿನದು ಹುಡುಗಿಯರಿಗೆ ಬೇಕಾದಷ್ಟು ಹೇಳುತ್ತೇನೆ. ಸಾರ್ ಮಗ್ಗಿಯ ಪರೀಕ್ಷೆಯನ್ನೇ ನಂಬುವುದು ಬಿಟ್ಟರು. ಇಂಪಾಗಿ ಕೇಳಿದರೆ ಸರಿಯಿದೆ ಎಂದಲ್ಲ ಎಂದು ಗೊತ್ತಾಗಿತ್ತು. ಪ್ರತಿ ಸೆಟ್ಟೂ ಸುಮ್ಮನಿದ್ದಾಗ ಎಷ್ಟು ಕರೆಂಟು ಎಳೆಯುತ್ತದೆ ಎಂದು ಅಳೆದು, ಅಂಗಳದ ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು, ಮತ್ತೆ ಅಳೆದು ಕಳಿಸುವ ಪದ್ಧತಿ ಬಂತು. ಕೆಲವು ವರ್ಷದ ಮೇಲೆ ಮೇಲಿನ ರೆಸಿಸ್ಟರಿನ ಜಾಗದಲ್ಲಿ ತಿರುಗಿಸಿ ಹೊಂದಿಸುವ ಸಣ್ಣ ತಿರುಪಿನದು ಬಂತು. ಸಿಲಿಕಾನ್ ಟ್ರಾನ್ಸಿಸ್ಟರ್ ಬಂತು. ನಾನು ಬಿಡುವ ಹೊತ್ತಿಗೆ ನೂರಕ್ಕೆ ಒಂದರ ರೆಸಿಸ್ಟರ್ ಸುರುಳಿ ಸುರುಳಿಯಾಗಿ ಬರುತ್ತಿತ್ತು, ಯಾರೂ ಅಳೆಯುತ್ತಿರಲಿಲ್ಲ. ಅಳೆಯಿರಿ. ಹತ್ತರಲ್ಲಿ ಒಂದನ್ನಾದರೂ ತೆಗೆದು ಅಳೆಯಿರಿ, ಎರಡು ಒಂದೇ ಕಡೆಗೆ ವಾಲಿವೆಯೋ ಎದುರುಬದುರು ವಾಲಿವೆಯೋ ನೋಡಿ. ಇನ್ನೊಬ್ಬರು ಗುರುತು ಮಾಡಿಟ್ಟ ಡಬ್ಬಿಯನ್ನು, ಅವರು ಎಷ್ಟೇ ನಂಬಿಕಸ್ತರಾದರೂ, ಒಂದು ಸಲ ಅಳೆದು ಬಳಸಿ. ಪಾರ್ವತಿ ನನ್ನನ್ನು ನಂಬಿದ್ದಳು.

ಅವಳು ಮತ್ತೆ ಒಂಬತ್ತು ವರ್ಷ ನನ್ನ ಪಕ್ಕದಲ್ಲಿ ಕೂತಳು. ಕೆಲಸದ ಮಾತು ಬಿಟ್ಟು ಬೇರೆ ಮಾತು ಶುರುವಾಗಲು ಎರಡು ವರ್ಷ ಹಿಡಿಯಿತು. ಅವಳ ಕೈಯ ಸೆಟ್ಟು ಕೊನೆಯವರೆಗೂ ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಅದು ನನಗೆ ಒಂದು ದಿನವೂ ಇಷ್ಟವಾಗಲಿಲ್ಲ.

ಆ ದಿನ ವಾಪಸು ರೈಲು ಇರಲಿಲ್ಲ, ಅವರ ಮನೆಯಲ್ಲೇ ಉಳಿದೆ. ಅವಳ ತಾಯಿಗೆ ಏನೂ ಗೊತ್ತಿರಲಿಲ್ಲ. ಪಾರ್ವತಿ ಹೇಳಲೂ ಇಲ್ಲ. “ಕೆಲಸಕ್ಕೆ ಕರೆಯಾಕೆ ಬಂದಾರೆ ಕಣವ್ವ” ಅಂದಳು ಅಷ್ಟೆ. ಆಯಮ್ಮ ಕಣ್ಣು ಒರೆಸಿಕೊಂಡು ನನಗೆ ಎರಡನೇ ಮುದ್ದೆ ಇಟ್ಟಳು. ರಾಗಿ ಮುದ್ದೆ, ಹುಣಸೆ ಚಿಗುರಿನ ಸಾರು, ಸುಟ್ಟ ಒಣಮೆಣಸಿನಕಾಯಿ. ಬೇಡ ಅನ್ನದೆ ತಿಂದೆ. ನನಗೂ ಪಾರ್ವತಿಗೂ ಒಂದೇ ಚಾಪೆ ಹಾಸಿದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಏನಾದರೂ ಹೇಳೋಣ ಎಂದು ಅವಳ ಕಡೆ ತಿರುಗುವಷ್ಟರಲ್ಲಿ ಅವಳ ಉಸಿರು ಒಂದೇ ಸಮ ಆಗಿತ್ತು. ಮೊದಲು ನಿದ್ದೆ ಹೋದವಳು ಅವಳೇ. ಅಂಥ ನಿದ್ದೆ ಅವಳಿಗೆ ಹೇಗೆ ಬಂತು ಎಂದು ಬಹಳ ಹೊತ್ತು ಅವಳ ಬೆನ್ನನ್ನೇ ನೋಡುತ್ತಾ, ಹೊಟ್ಟೆಕಿಚ್ಚಿನಿಂದ, ಎಚ್ಚರವಾಗಿದ್ದೆ.